ಕೋಡಿಯ ಮೇಲೆ ಕುಣಿದ ಮರ

ಜಂಗಮಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಕೆರೆ ಕೋಡಿ ಬಿದ್ದರೆ ಹಬ್ಬ. ಊರಿಗೆ ಊರೇ ಹೋಗಿ ನೀರು ನೋಡಿಕೊಂಡು, ಅರಿಸಿನ ಕುಂಕುಮ ಹಾಕಿ ಬರುತ್ತಿತ್ತು. ಅರವತ್ತರ ದಶಕದ ಆ ಒಂದು ವರ್ಷ ಮಾತ್ರ ಎಲ್ಲರೂ ಕುಣಿಯುತ್ತಿದ್ದಾಗ ನಾನೊಬ್ಬಳು ಆ ನೀರಿಗೆ ಶಾಪ ಹಾಕುತ್ತಾ ಕೂತಿದ್ದೆ.

ಆಗ ನಾನು ಆ ಮನೆಗೆ ಹೊಸ ಸೊಸೆ. ರೇಷ್ಮೆ ಹುಳುವಿನ ವಿಷಯದಲ್ಲಿ ಅತ್ತೆಯ ಮಾತೇ ಮಾತು. ಒಂದು ಬೆಳೆಯನ್ನಾದರೂ ನಾನೇ ನೋಡಿಕೊಳ್ಳುತ್ತೇನೆಂದು ಹಟ ಹಿಡಿದಾಗ, "ನೋಡ್ಕೊಳಮ್ಮಾ ತಾಯಿ. ಕೆಟ್ರೆ ಮಾತ್ರ ಇನ್ನೊಂದ್ಸಲ ಹುಳದ ಮನೆ ಬಾಗಿಲು ತೆಗೀಬೇಡ" ಅಂದಿದ್ದರು. ಬೆಳೆ ಕೆಡಲಿಲ್ಲ. ಹುಳುಗಳು ಚೆನ್ನಾಗಿ ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆಗಳ ತುಂಬ ಗೂಡು ಕಟ್ಟಿದವು. ನನಗೋ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವ ಹೊತ್ತಿಗೆ ಸರಿಯಾಗಿ ಕೋಡಿಯ ನೀರು ದಾರಿಯನ್ನು ಕೊಚ್ಚಿಕೊಂಡು ಹೋಯಿತು. ತಡಮಾಡಿದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚುವುದಿಲ್ಲ. ಗಾಡಿ, ಎತ್ತುಗಳೆಲ್ಲ ಆಚೆ ದಡದ ತೋಟದಲ್ಲಿದ್ದವು. ನನ್ನ ಯಜಮಾನರೂ ಅಲ್ಲೇ ಸಿಕ್ಕಿಕೊಂಡಿದ್ದರು. ಊರವರು ಎರಡು ಉದ್ದನೆಯ ನೀಲಗಿರಿ ಮರಗಳನ್ನು ಜೋಡಿಸಿ, ಹಗ್ಗ ಬಿಗಿದು, ನೀರಿನ ಮೇಲೆ ದಡದಿಂದ ದಡಕ್ಕೆ ಮಲಗಿಸಿಕೊಟ್ಟರು. ನೀರು ಸೊಂಟದಷ್ಟೇ ಆಳ. ಬಿದ್ದರೆ ನಾವು ಎದ್ದು ಬರುತ್ತಿದ್ದೆವು, ಗೂಡು ಬರುತ್ತಿರಲಿಲ್ಲ.

ಗೂಡು ಮೂರು ಬುಟ್ಟಿ ಆಗಿತ್ತು. ಅತ್ತೆ ಮೊದಲನೆಯ ಬುಟ್ಟಿ ಹೊತ್ತು ಹೊರಟರು. ಅವರಿಗೆ ಮಂಡಿನೋವು. ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಮರವನ್ನು ಬೈಯುವುದು, ಆಮೇಲೆ ಎರಡು ಹೆಜ್ಜೆ. ನಾನು ಈಚೆ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡೆ. ಅವರು ದಾಟಿ, ಬುಟ್ಟಿಯನ್ನು ಗಾಡಿಯಲ್ಲಿಟ್ಟರು.

ಎರಡನೆಯದು ನನ್ನ ಸರದಿ. ಚಿಕ್ಕ ವಯಸ್ಸು, ಒಂದೇ ಸಮನೆ ಸರಸರ ನಡೆದೆ. ನಾಲ್ಕು ಹೆಜ್ಜೆಗೆ ಮರ ಮೆಲ್ಲಗೆ ತೂಗಿತು. ನನಗೆ ಅದು ಮೋಜೆನಿಸಿತು. ಇನ್ನೂ ಸ್ವಲ್ಪ ಮುಂದೆ ಹೋದಾಗ ಪಾದ ಊರುವ ಮೊದಲೇ ಮರ ಮೇಲೆದ್ದು ಬಂದು ಪಾದವನ್ನು ಮುಟ್ಟಿತು. ಜೋಕಾಲಿಯನ್ನು ಹದ ನೋಡಿ ತಳ್ಳಿದರೆ ಪ್ರತಿ ಸಲವೂ ಮೇಲೆ ಹೋಗುತ್ತದಲ್ಲ, ಹಾಗೆ ನನ್ನ ಹೆಜ್ಜೆಯೇ ಅದನ್ನು ತಳ್ಳುತ್ತಿತ್ತು. ಬೇಗ ದಾಟಿಬಿಡೋಣವೆಂದು ಅವಸರ ಮಾಡಿದೆ. ಮರ ಇನ್ನೂ ಜೋರಾಗಿ ಎತ್ತಿಹಾಕಿತು. ಕಡಿದು ಹಾಕಿದ ಮರಕ್ಕೆ ಇಷ್ಟೊಂದು ಜೀವ ಎಲ್ಲಿಂದ ಬಂತು? ನನ್ನ ಕಾಲಿನಿಂದಲೇ ಬಂದಿತ್ತು. ಆ ಭಯದಲ್ಲೂ ನನಗೆ ಅದು ಆಶ್ಚರ್ಯವೆನಿಸಿತು. ನಿಂತುಬಿಟ್ಟೆ. ನಾನು ನಿಂತರೂ ಅದು ನಿಲ್ಲಲಿಲ್ಲ. ತಲೆಯ ಮೇಲಿನ ಬುಟ್ಟಿ ವಾಲಿತು, ಎರಡು ಕೈಯಲ್ಲೂ ಅವುಚಿ ಹಿಡಿದೆ.

"ಓರಿ ದೇವುಡಾ! ಅಲ್ಲೇ ಇರು, ಬಂದೆ!" ಎನ್ನುತ್ತಾ ಅತ್ತೆ ಮಂಡಿನೋವು ಮರೆತು ಆ ಕಡೆಯಿಂದ ಮರದ ಮೇಲೆ ದಡದಡನೆ ಬಂದರು. ಅವರ ಹೆಜ್ಜೆಯೂ ಸೇರಿದ್ದೇ ತಡ, ಮರಕ್ಕೆ ಹುಚ್ಚೇ ಹಿಡಿಯಿತು. ಎತ್ತುಗಳು ಬೆದರಿದವು. ಯಜಮಾನರು ಮೂಗುದಾರ ಬಿಡಲಾರದೆ, ನಮ್ಮನ್ನು ನೋಡಲಾರದೆ ಕೂಗಿಕೊಂಡರು.

ಅತ್ತೆ ತಟ್ಟನೆ ನಿಂತು ಮರವನ್ನು ನೋಡಿದರು. ಆಮೇಲೆ, ನನ್ನೆದುರು ಒಂದು ದಿನವೂ ಕಾಲು ಚಾಚಿ ಕೂರದಿದ್ದ ಆ ಹೆಂಗಸು, ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ಎಮ್ಮೆಯ ಮೇಲೆ ಕೂತ ಹಾಗೆ ಮರದ ಆಚೆಗೊಂದು ಈಚೆಗೊಂದು ಕಾಲು ಇಳಿಬಿಟ್ಟು ಕೂತೇಬಿಟ್ಟರು. ತೂಕದ ಆಳು. ಮರ ಒಂದೆರಡು ಸಲ ಅವರನ್ನು ಎತ್ತಲು ನೋಡಿತು, ಆಗಲಿಲ್ಲ. ಅದು ಸೋತು ಸುಮ್ಮನಾದದ್ದು ನನ್ನ ಅಂಗಾಲಿಗೆ ತಿಳಿಯಿತು. ನಾನು ಹೆಂಗಸರ ಧೈರ್ಯದ ಕಥೆ ಎಷ್ಟೋ ಕೇಳಿದ್ದೆ; ಧೈರ್ಯವೆಂದರೆ ಹೀಗೆ ಕೂತುಬಿಡುವುದೂ ಆಗಬಹುದೆಂದು ಗೊತ್ತಿರಲಿಲ್ಲ.

"ಈಗ ಬಾ. ಒಂದೇ ತರ ನಡೀಬೇಡ ಕಣೇ. ನಿಂತು ನಿಂತು ಬಾ."

ಹೋದೆ. ಬುಟ್ಟಿಯನ್ನು ಅವರ ಮಡಿಲಿಗೆ ಇಳಿಸಿದೆ. ಅದನ್ನು ತಬ್ಬಿಕೊಂಡು, ಕೂತಲ್ಲೇ ಹಿಂದಕ್ಕೆ ಜರುಗುತ್ತಾ ದಡ ಮುಟ್ಟಿ ಯಜಮಾನರ ಕೈಗೆ ಕೊಟ್ಟರು. ಒಂದು ಗೂಡೂ ನೆನೆದಿರಲಿಲ್ಲ. ಮರದ ಮೇಲೆ ನಿಂತಲ್ಲೇ ನನಗೆ ಅಳು ಬಂತು. ಸದ್ಯ, ಇನ್ನು ಉಳಿದ ಬುಟ್ಟಿಯನ್ನು ಅವರೇ ಹೇಗಾದರೂ ತರುತ್ತಾರೆ ಎಂದುಕೊಂಡೆ.

ಅತ್ತೆ ಮತ್ತೆ ಮುಂದಕ್ಕೆ ಜರುಗಿ ಬಂದು, ಮೊದಲಿನ ಜಾಗದಲ್ಲೇ ಗಟ್ಟಿಯಾಗಿ ಕೂತರು. ಕೆಂಪು ನೀರು ಚಿಮ್ಮಿ ಸೀರೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು.

"ಅಳ್ತಾ ನಿಂತ್ರೆ ಚಿಟ್ಟೆ ಕಾಯ್ತದಾ? ನಿನ್ನ ಬೆಳೆ ಅದು, ಹೋಗಿ ತಗೊಂಬಾ" ಅಂದರು. "ನಾನು ಕೂತಿರ್ತೀನಿ."