ಕಾಲುವೆ ದಡದ ಮೊದಲ ಒಕ್ಕಲು

ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರೂ ಹತ್ತಕ್ಕೆ ಎಲ್ಲ ಕೆಡಲು ಶುರುವಾಯಿತು. ಅಲ್ಲಿಯವರೆಗೆ ನಾನು ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ, ನಮ್ಮ ಮನೆ ಹತ್ತಿರದ ಕಾಲುವೆ ದಡದಲ್ಲಿ ನಿಂತು, ಊರಿನ ಇತಿಹಾಸದ ಫಲಕವನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಭಾನುವಾರದ ಪಾಳಿ. ಮೈಸೂರಿನಿಂದ ಬಂದಿದ್ದ ಅವಳಮ್ಮನನ್ನು ಸುತ್ತಾಡಿಸುವ ಹೊಣೆ ನನ್ನದು.

“ನದಿ ಉಕ್ಕಿದ್ರೂ ಮುಳುಗದ ದಿಬ್ಬ ಅಂತ ಇಲ್ಲಿ ಗುಡಿಸಲು ಹಾಕಿದ್ರಂತೆ ಅತ್ತೆ.”

“ಮೊದಲನೇ ಒಕ್ಕಲು ಯಾರದಂತೆ?”

“ಹೆಸರು ಬರೆದಿಲ್ಲ.”

“ಮತ್ತೆ ಇಷ್ಟುದ್ದ ಏನು ಬರೆದಿದಾರೆ?”

ಫಲಕದ ಪಕ್ಕ, ನೀರಿನಂಚಿಗೆ, ಹಳೆಯ ಪ್ರವಾಹಗಳ ಮಟ್ಟ ಕೆತ್ತಿದ ಮೊಣಕಾಲೆತ್ತರದ ಕಲ್ಲೊಂದಿತ್ತು. ನಿಂತ ಕಲ್ಲು ಕಂಡರೆ ಅತ್ತೆಯ ಕೈ ಸುಮ್ಮನಿರುವುದಿಲ್ಲ. ಚಪ್ಪಲಿ ಬಿಟ್ಟು, ಕುಂಕುಮ ಹಚ್ಚಿ, ಪೊಟ್ಟಣದ ಕಡ್ಲೆಪುರಿ ನೈವೇದ್ಯಕ್ಕಿಟ್ಟರು. ನೀರಿನಿಂದ ಹಂಸವೊಂದು ದಡ ಹತ್ತಿತು.

“ಸರಸ್ವತಿ ವಾಹನ,” ಎಂದು ಅತ್ತೆ ಕೈಮುಗಿದರು.

ವಾಹನ ರೆಕ್ಕೆ ಬಿಚ್ಚಿ ಬುಸ್ಸೆಂದಿತು. ಅತ್ತೆಯ ಹಿಂದೆ ನೀರು, ಮುಂದೆ ಅದು. ಅವರಿಗೆ ಈಜು ಬಾರದು. ಸಂಜೆ ಹೆಂಡತಿಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಡುವೆ ನುಗ್ಗಿ ಕೊಡೆ ಬಿಡಿಸಿದೆ. ಡರ್ಬಿಯಲ್ಲಿ ವಿಮಾನದ ಎಂಜಿನ್ ವಿನ್ಯಾಸ ಮಾಡುವ ನನ್ನ ಕೈಯಲ್ಲಿ ಕೊಡೆ ಗಾಳಿಗೆ ಮೇಲ್ಮುಖವಾಯಿತು. ಹಂಸ ನನ್ನತ್ತ ತಿರುಗಿತು. ಆಮೇಲೆ ನೆನಪಿರುವುದು, ನಾನು ಕುಂಕುಮದ ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತಿದ್ದುದು.

ಅತ್ತೆ ಅಷ್ಟರಲ್ಲಿ ಫಲಕದ ಹಿಂದೆ ಸೇರಿದ್ದರು. “ಅಳಿಯಂದ್ರೇ, ನೀವು ಓದಿದೋರು ಅಂತ ಹೇಳಿ ಅದಕ್ಕೆ.”

“ಅತ್ತೆ, ನೀವು ಓಡಿ.”

“ಚಪ್ಪಲಿ ಅದರ ಹತ್ರ ಇದೆ.”

ಹಂಸ ಕಡ್ಲೆಪುರಿ ಪೂರಾ ತಿಂದು, ಒಂದು ಚಪ್ಪಲಿಯನ್ನು ನೀರಿಗೆ ತಳ್ಳಿ, ತಾನೂ ಇಳಿಯಿತು. ಅತ್ತೆ ನನ್ನ ಕಾಲುಚೀಲ ಹಾಕಿಕೊಂಡು ಮನೆಗೆ ನಡೆದರು.

ಅಂದಿನಿಂದ ರಾತ್ರಿ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಬುಸ್ಸೆಂದರೆ ನಾನು ಎದ್ದು ಮಂಚದ ಮೇಲೆ ನಿಲ್ಲುತ್ತಿದ್ದೆ. ಗೋಡೆಯಾಚೆಯಿಂದ ಅತ್ತೆ, “ಬಂತಾ?” ಎನ್ನುವರು.

“ಇದಕ್ಕೆ ಜಿಪಿ ಡಾಕ್ಟರ ಹತ್ರ ಹೋಗಿ ಏನಂತ ಹೇಳ್ತೀರ?” ಎಂದಳು ಹೆಂಡತಿ.

ಮುಂದಿನ ಶನಿವಾರ ಅತ್ತೆಯೇ ಹೊರಡಿಸಿದರು. ಈ ಸಲ ಸೇತುವೆಯ ಮೇಲಿನಿಂದ ನೋಡಿದೆವು. ಕಲ್ಲಿನ ಹಿಂದೆಯೇ, ಜೊಂಡಿನ ನಡುವೆ ಗೂಡು. ಅದರಲ್ಲೊಂದು ಹಂಸ ಕಾವು ಕೂತಿತ್ತು. ನಮ್ಮದು ಮುಂದೆ ಕಾವಲಿಗೆ.

ಅತ್ತೆ ಬಹಳ ಹೊತ್ತು ನೋಡಿದರು. “ಮೊದಲನೇ ಒಕ್ಕಲು ಇವರದೇ. ಒಳಗೆ ಹೆಂಗಸು ಮೊಟ್ಟೆ ಇಟ್ಕೊಂಡು ಕೂತಿರೋವಾಗ ಬಾಗಿಲಿಗೆ ಬಂದು ಕೊಡೆ ಬಿಚ್ಚಿದ್ರೆ ಯಾವ ಗಂಡಸು ಸುಮ್ನಿರ್ತಾನೆ?” ಕೆಳಗೆ ಬಗ್ಗಿ, “ತಪ್ಪಾಯ್ತಪ್ಪ, ಬರ್ತೀವಿ,” ಎಂದರು. ಹಂಸ ಬೆನ್ನು ತಿರುಗಿಸಿತು.

ಆ ರಾತ್ರಿಯೂ ರೇಡಿಯೇಟರ್ ಬುಸ್ಸೆಂದಿತಂತೆ. ಬೆಳಿಗ್ಗೆ ಹೆಂಡತಿ ಹೇಳಿದಳು. ನನಗಾಗಲಿ ಅತ್ತೆಗಾಗಲಿ ಕೇಳಿಸಿರಲಿಲ್ಲ.