ಅವ್ವನ ಅಪ್ಪಾರು

"ಅಪ್ಪಾರ, ನಾ ಕಮಲಾಪುರದಾಕಿ ರೀ!" ಎಂದು ಅವ್ವ ಕೂಗಿದ್ದಕ್ಕೆ ಕಲಬುರಗಿಯ ಆ ಸಭಾಂಗಣವೆಲ್ಲ ತಿರುಗಿ ನೋಡಿತು. ನಾನು ನಾಚಿ ಅವಳ ಸೆರಗು ಜಗ್ಗಿದೆ. ವೇದಿಕೆ ಇಳಿಯುತ್ತಿದ್ದವರು ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದರ ಕುಲಪತಿ. ಹಿಂದೆ ನಮ್ಮೂರ ಶಾಲೆಯಲ್ಲಿ ಮಾಸ್ತರರಾಗಿದ್ದ ಪಾದ್ರಿ. ಫಾದರ್ ಅಂದರೆ ಅಪ್ಪ ಎಂದು ಯಾರೋ ಹೇಳಿದ್ದರು. ಅಂದಿನಿಂದ ಅವ್ವ, ಮಠದ ಸ್ವಾಮಿಗಳನ್ನು ಕರೆದಂತೆ, ಅವರನ್ನೂ ಅಪ್ಪಾರು ಎಂದೇ ಕರೆಯುತ್ತಿದ್ದಳು. ಏಳನೇ ತರಗತಿಗೆ ನನ್ನನ್ನು ಶಾಲೆ ಬಿಡಿಸಿದಾಗ, ಮನೆಯವರು ಒಪ್ಪುವವರೆಗೂ ಮೂರು ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕೂತವರು ಇವರೇ.

ಅವ್ವ ಕೊಟ್ಟ ನಮ್ಮೂರ ಕೆಂಪು ಬಾಳೆಹಣ್ಣು ಹಿಡಿದುಕೊಂಡು ನಕ್ಕರು. "ಮಗಳಿಗೆ ಮತ್ತ ಸಾಲಿ ಬಿಡಿಸಿಲ್ಲ ಹೌದಲ್ಲವ್ವಾ?"

"ಇಲ್ರೀ ಅಪ್ಪಾರ, ಈಗ ಅಕಿನೇ ಟೀಚರ್ ಆಗ್ಯಾಳ್ರೀ."

ವಾರದಿಂದ ನನ್ನ ತರಗತಿಗೆ ಬಾರದ ಹುಡುಗಿಯೊಬ್ಬಳಿದ್ದಳು. ಮರುದಿನ ಸಂಜೆ ಆ ಹುಡುಗಿಯ ಮನೆ ಕಟ್ಟೆಯ ಮೇಲೆ ನಾನೂ ಹೋಗಿ ಕೂತೆ.