ಏಳು ನೀರು, ಒಂದು ಹಿಡಿ ಮಣ್ಣು

ಮುಸಲ್ಮಾನರ ಮನೆಗೆ ಹೋದಾಗ ಪೊಲೀಸರು ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡುವ ಸಭೆ ಮೊನ್ನೆ ಕುಮಟಾದಲ್ಲಿ ಆಯಿತು. ಭಟ್ಕಳದ ಹೆಂಗಸೊಬ್ಬಳು ಎರಡು ಮಾತಾಡಲಿ ಎಂದು ನನ್ನನ್ನು ಕರೆದಿದ್ದರು. ನಾನು ಹೋಗಲಿಲ್ಲ.

ನಮ್ಮ ಮನೆಗೆ ಪೊಲೀಸರು ಬಂದದ್ದು ಒಂದು ದಿನ ಬೆಳಿಗ್ಗೆ ಹತ್ತಕ್ಕೆ, ನಾಯಿ ಸಮೇತ. ನನ್ನ ಗಂಡನ ಹೆಸರಿನ ಇನ್ಯಾರನ್ನೋ ಹುಡುಕುತ್ತಿದ್ದರಂತೆ. ಗಂಡ ದುಬೈಯಲ್ಲಿ. ಮನೆಯಲ್ಲಿ ನಾನು ಮತ್ತು ಹಾಸಿಗೆ ಹಿಡಿದ ಅತ್ತೆ, ಇಬ್ಬರೇ. ಜೊತೆಯಲ್ಲಿ ಹೆಂಗಸು ಪೊಲೀಸ್ ಇದ್ದಳು, ಅದೊಂದು ದೇವರ ದಯೆ. ನಾನು ತಲೆ ಮೇಲೆ ದುಪಟ್ಟಾ ಎಳೆದುಕೊಳ್ಳುವವರೆಗೆ ಉಳಿದವರನ್ನು ಬಾಗಿಲಲ್ಲೇ ನಿಲ್ಲಿಸಿದಳು, ಅದು ಎರಡನೆಯದು.

ಪೊಲೀಸ್ ಸಾಹೇಬರು ಅತ್ತೆಯ ಮಂಚದ ಕೆಳಗಿನ ಟ್ರಂಕು ಎಳೆಸಿ ತೆಗೆಸಿದರು. ಒಳಗೆ ಕರ್ಪೂರ ಹಾಕಿ ಮಡಿಸಿಟ್ಟ ಬಿಳಿ ಬಟ್ಟೆ.

"ಎಂತದಜ್ಜಿ ಇದು? ಯಾರ ಮದುವೆಗೆ?"

"ನನ್ನದೇ" ಅಂದರು ಅತ್ತೆ.

"ಈ ವಯಸ್ಸಲ್ಲಾ? ಗಂಡು ಯಾರು?" ಬಂದವರೆಲ್ಲ ನಕ್ಕರು.

ನಾನು ನಡುವೆ ಬಾಯಿ ಹಾಕಿದೆ. "ಕಫನ್ ಸರ್, ಹೆಣಕ್ಕೆ ಸುತ್ತುವ ಬಟ್ಟೆ. ಅತ್ತೆ ಹಜ್‌ಗೆ ಹೋದಾಗ ಮಕ್ಕಾದ ಪುಣ್ಯದ ಜಮ್‌ಜಮ್ ನೀರಲ್ಲಿ ಅದ್ದಿ ತಂದದ್ದು. ನಾನೇ ಬಿಡಿಸಿ ತೋರಿಸ್ತೇನೆ. ನಾಯಿ ಮಾತ್ರ ಬೇಡ."

ಅದನ್ನು ಹೇಳಬಾರದಿತ್ತು.

"ನಾಯಿ ಬೇಡವಾ? ಹಾಗಾದ್ರೆ ಅದ್ರಲ್ಲೇ ಎಂತದೋ ಉಂಟು" ಅಂದರು ಸಾಹೇಬರು.

ನಾಯಿ ಹಿಡಿದವನು ಮೆಲ್ಲಗೆ, "ಸರ್, ಇವರಲ್ಲಿ ನಾಯಿ ಮುಟ್ಟಿದ್ದು ಆಗೂದಿಲ್ಲ" ಎಂದ. ಅವನಾದರೂ ಹೇಳಿದ, ಅದು ಮೂರನೆಯದು.

"ನಿನ್ನ ನಾಯಿ ಇವರಿಗಿಂತ ಚೊಕ್ಕ ಮಾರಾಯ, ದಿನಾ ಮೀಯ್ತದೆ. ಬಿಡು ಅದನ್ನ."

ನಾಯಿ ಮಡಿಕೆಗಳ ನಡುವೆ ಮೂತಿ ತೂರಿಸಿ ಮೂಸಿತು. ಜೊಲ್ಲು ಬಟ್ಟೆಗೆ ಇಳಿಯಿತು. ಅದಕ್ಕೇನು ಗೊತ್ತು, ಬಾಲ ಅಲ್ಲಾಡಿಸುತ್ತಿತ್ತು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಮನೆ ತಪ್ಪಿದೆ ಎಂದು ಫೋನು ಬಂತು. "ಆತು, ಮಡಿಸಿಡಿ" ಎಂದು ಹೊರಟರು.

ನಾಯಿಯ ಜೊಲ್ಲು ತಾಗಿದ್ದನ್ನು ನಾವು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಲ್ಲಿ. ನಿಧಾನಕ್ಕೆ ಹುಡುಕಿದ್ದರೆ ಬಿಳಿ ಮಣ್ಣು ಸಿಗುತ್ತಿತ್ತು. ಅವಸರದಲ್ಲಿ ಹಿತ್ತಲಿನ ಕೆಂಪು ಮಣ್ಣನ್ನೇ ಒಂದು ಹಿಡಿ ಹಾಕಿಬಿಟ್ಟೆ. ಆಮೇಲೆ ಆರು ನೀರು ಹಾಕಿದರೂ ಎಲ್ಲಕ್ಕಿಂತ ಹೊರಗೆ ಸುತ್ತುವ ಹೊದಿಕೆಯ ಮೇಲೆ ಅಂಗೈಯಗಲ ಕೆಂಪು ಉಳಿಯಿತು. ಅತ್ತೆ ಇಷ್ಟು ವರ್ಷ ಕಾದಿಟ್ಟ ಜಮ್‌ಜಮ್ ಬಚ್ಚಲ ನೀರಿನ ಜೊತೆ ತೆಂಗಿನ ಬುಡಕ್ಕೆ ಹೋಯಿತು.

"ಹೊಸದು ತರಿಸ್ತೇನೆ ಅಮ್ಮಾ."

"ಬೇಡ. ಇದನ್ನೇ ಹೊರಗೆ ಸುತ್ತಿಸು. ಕಲೆ ಎದೆ ಮೇಲೆ ಕಾಣಲಿ. ಮೇಲಿನವನು ಕೇಳ್ತಾನಲ್ಲ, ಹೇಳ್ತೇನೆ." ನನ್ನ ಕೈ ಹಿಡಿದು, ಅಲ್ಲಾಹನ ಹೆಸರಲ್ಲಿ ಮಾತು ಕೊಡಿಸಿಕೊಂಡರು.

ಮೂರು ವಾರದೊಳಗೆ ತೀರಿಕೊಂಡರು. ನನ್ನ ಗಂಡ ಮಣ್ಣು ಮಾಡುವ ಮುಂಚೆ ದುಬೈಯಿಂದ ಬಂದು ಮುಟ್ಟಿದರು. ಅದೂ ದಯೆಯೇ. ಬಟ್ಟೆ ನೋಡಿ ಅವರ ಮುಖ ಬಿಳಿಚಿತು.

"ಜನ ನೋಡಿದರೆ ಕೇಳ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಗಲಾಟೆ ಆಗ್ತದೆ, ಅವರು ಮತ್ತೆ ಬಾಗಿಲಿಗೆ ಬರ್ತಾರೆ. ನಾನು ವಾಪಸು ಹೋಗೂದು ಬೇಡವಾ?"

"ಅಮ್ಮನಿಗೆ ಮಾತು ಕೊಟ್ಟಿದ್ದೇನೆ."

"ಅಮ್ಮ ಹೋದಳು. ನಾವು ಇಲ್ಲೇ ಇರಬೇಕು."

ಮಯ್ಯತ್ ಮೀಯಿಸುವ ಹೆಂಗಸರಿಗೆ ನಾನೇ ಹೇಳಿದೆ, ಹೊರಗಿನ ಹೊದಿಕೆ ಒಳಗೆ ಹಾಕಿ, ಒಳಗಿನದು ಹೊರಗೆ. ಯಾಕೆಂದು ಅವರು ಕೇಳಲಿಲ್ಲ. ಕೊನೆಯ ಸಲ ಮುಖ ನೋಡಲು ಬಂದವರು, "ಎಷ್ಟು ಚೊಕ್ಕ ಬಟ್ಟೆ, ಪುಣ್ಯವಂತೆ" ಎಂದು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಗಲಾಟೆ ಆಗಲಿಲ್ಲ. ಗಂಡ ಸುಖವಾಗಿ ದುಬೈಗೆ ಹೋದರು. ದಿನಾ ನಮಾಜು ಮುಗಿಸಿ ಬೆರಳು ಮಡಿಸುತ್ತಾ ದೇವರ ದಯೆಗಳನ್ನು ಎಣಿಸುವಾಗ ಇದನ್ನೂ ಎಣಿಸಲು ಹೋಗುತ್ತೇನೆ, ಬೆರಳು ಮಡಿಯುವುದಿಲ್ಲ.

ಕುಮಟಾದ ಸಭೆಯಲ್ಲಿ ನಾಯಿಯ ಕತೆ ಹೇಳಿದ್ದರೆ ಕಫನಿನದ್ದನ್ನೂ ಹೇಳಬೇಕಾಗುತ್ತಿತ್ತು. ಸಾಹೇಬರಿಗೆ ನಮ್ಮ ರೀತಿ ಪೂರ್ತಿ ಗೊತ್ತಿರಲಿಲ್ಲ ಎಂದಾದರೂ ಅನ್ನಬಹುದು. ನನಗೆ ಎಲ್ಲ ಗೊತ್ತಿತ್ತು.